ಕೈಕೆಳಗೆ ಒಬ್ಬರೂ ಇಲ್ಲದ ದೊಡ್ಡ ಹುದ್ದೆ

ದೊಡ್ಡ ಸಂಸ್ಥೆಗಳಲ್ಲಿ ಕೆಲಸದ ಕ್ರಮವನ್ನು ತಿದ್ದುವ ಹಿರಿಯ ತಜ್ಞರ ಬಗ್ಗೆ ಓದುಗರು ಕಳುಹಿಸಿದ ಮೂರು ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ವಾಹನಗಳ ಬಿಡಿಭಾಗ ತಯಾರಿಸುವ ದೊಡ್ಡ ಕಾರ್ಖಾನೆಯೊಂದರ ಉತ್ಪಾದನಾ ವಿಭಾಗದಲ್ಲಿ ಹದಿನಾಲ್ಕು ವರ್ಷಗಳಿಂದ ಇದ್ದೇನೆ. ಕೈಕೆಳಗೆ ಅರವತ್ತು ಮಂದಿ ಇದ್ದಾರೆ. ಈಗ ಮಾಸ್ಟರ್ ಬ್ಲ್ಯಾಕ್ ಬೆಲ್ಟ್ ಎಂಬ, ಕೆಲಸದ ಕ್ರಮ ತಿದ್ದುವ ಹಿರಿಯ ತಜ್ಞರ ಹುದ್ದೆಗೆ ಬಡ್ತಿ ಕೊಡುವುದಾಗಿ ಹೇಳುತ್ತಿದ್ದಾರೆ. ಆ ಹುದ್ದೆಯಲ್ಲಿ ಕೈಕೆಳಗೆ ಯಾರೂ ಇರುವುದಿಲ್ಲ. "ಸ್ಲೈಡು ತೋರಿಸಿಕೊಂಡು ಓಡಾಡುವ ಕೆಲಸ, ಹೋಗಬೇಡಿ" ಎನ್ನುತ್ತಾರೆ ಸಹೋದ್ಯೋಗಿಗಳು. ಈ ಹಿರಿಯರ ಕೆಲಸ ನಿಜಕ್ಕೂ ಏನು?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಸಹೋದ್ಯೋಗಿಗಳ ಮಾತು ಪೂರ್ತಿ ಸುಳ್ಳಲ್ಲ. ಸ್ಲೈಡುಗಳಲ್ಲೇ ಮುಳುಗಿ ಅಲ್ಲಿಂದಲೇ ನಿವೃತ್ತರಾದ ಮಾಸ್ಟರ್ ಬ್ಲ್ಯಾಕ್ ಬೆಲ್ಟ್‌ಗಳನ್ನು ನಾನೂ ಕಂಡಿದ್ದೇನೆ. ಆದರೆ ಆ ಹುದ್ದೆ ಹುಟ್ಟಿದ್ದು ಅದಕ್ಕಲ್ಲ.

1986ರಲ್ಲಿ ಅಮೆರಿಕದ ಮೊಟೊರೋಲಾ ಕಂಪನಿಯ ಎಂಜಿನಿಯರ್ ಬಿಲ್ ಸ್ಮಿತ್ ಸಿಕ್ಸ್ ಸಿಗ್ಮಾ ವಿಧಾನವನ್ನು ಮುಂದಿಟ್ಟರು. ತಪ್ಪಾಗಬಹುದಾದ ಹತ್ತು ಲಕ್ಷ ಸಂದರ್ಭಗಳಲ್ಲಿ ತಪ್ಪುಗಳು 3.4ನ್ನು ಮೀರಬಾರದು ಎಂಬುದು ಅದರ ಗುರಿ. 1995ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥ ಜಾಕ್ ವೆಲ್ಶ್ ಅದನ್ನು ಕಂಪನಿಯಾದ್ಯಂತ ಜಾರಿಗೆ ತಂದ ಮೇಲೆ ಬೇರೆ ದೊಡ್ಡ ಸಂಸ್ಥೆಗಳೂ ಅದರ ಬೆನ್ನು ಹತ್ತಿದವು. ಕರಾಟೆ, ಜೂಡೋ ಪಟುಗಳ ಬೆಲ್ಟ್‌ಗಳಿಂದ ಎರವಲು ತಂದ ಹೆಸರುಗಳೂ ಜೊತೆಗೇ ಬಂದವು. ಗ್ರೀನ್ ಬೆಲ್ಟ್ ಆದವರು ತಮ್ಮ ನಿತ್ಯದ ಕೆಲಸದ ನಡುವೆ ಒಂದೆರಡು ಸುಧಾರಣೆಗಳನ್ನು ಮಾಡುತ್ತಾರೆ, ಬ್ಲ್ಯಾಕ್ ಬೆಲ್ಟ್ ಆದವರಿಗೆ ಅದೇ ಪೂರ್ಣಾವಧಿಯ ಉದ್ಯೋಗ. ಮಾಸ್ಟರ್ ಎನಿಸಿಕೊಂಡವರು ಇವರಿಬ್ಬರನ್ನೂ ತಯಾರು ಮಾಡಬೇಕು, ಯಾವ ಸಮಸ್ಯೆಗೆ ಕೈಹಾಕಬೇಕು, ಯಾವುದಕ್ಕೆ ಹಾಕಬಾರದು ಎಂದು ಆಡಳಿತಕ್ಕೆ ಹೇಳಬೇಕು. ಕಾಗದದ ಮೇಲೆ ಇಷ್ಟೇ. ಅದು ನೆಲದ ಮೇಲೆ ಹೇಗಿರುತ್ತದೆ ಎಂಬುದಕ್ಕೆ ನಾನು ಬ್ಲ್ಯಾಕ್ ಬೆಲ್ಟ್ ಆಗಿದ್ದಾಗ ನಡೆದ ಒಂದು ಸಂಗತಿ ಹೇಳುತ್ತೇನೆ.

ನಾನಿದ್ದ ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ಹೌಸಿಂಗ್ (ಹೊರಕವಚ) ಒಂದರ 50 ಮಿಲಿಮೀಟರ್ ಬೋರ್, ಅಂದರೆ ಕೊರೆದ ರಂಧ್ರ, ದೊಡ್ಡದಾಗಿದೆ ಎಂಬ ಕಾರಣಕ್ಕೆ ಸೆಕೆಂಡ್ ಶಿಫ್ಟ್‌ನಲ್ಲಿ ಬಹಳಷ್ಟು ಪೀಸುಗಳು ರಿಜೆಕ್ಟ್ ಆಗುತ್ತಿದ್ದವು. ಆ ಬೋರಿನ ಅಳತೆಯಲ್ಲಿ ಒಪ್ಪಬಹುದಾದ ಒಟ್ಟು ವ್ಯತ್ಯಾಸ, ಅಂದರೆ ಸಡಿಲಿಕೆ, 25 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್). ಎಲ್ಲರ ಬೆರಳೂ ಸೆಕೆಂಡ್ ಶಿಫ್ಟ್ ಆಪರೇಟರುಗಳ ಕಡೆಗಿತ್ತು. ನಾನು ಮೆಷಿನ್‌ನ ಸ್ಪಿಂಡಲ್ ಬದಲಿಸಬೇಕೆಂದು ದೊಡ್ಡ ವರದಿ ಬರೆದುಕೊಂಡು ಹೋದೆ. ನಮ್ಮ ಮಾಸ್ಟರ್ ಬ್ಲ್ಯಾಕ್ ಬೆಲ್ಟ್ ಅದನ್ನು ತೆರೆಯಲೇ ಇಲ್ಲ. "ಮೊದಲು ಅಳತೆಯನ್ನೇ ಅಳೆದು ಬನ್ನಿ" ಎಂದರು. ಹತ್ತು ಪೀಸುಗಳನ್ನು ಮೂವರು ಇನ್‌ಸ್ಪೆಕ್ಟರುಗಳಿಗೆ ಕೊಟ್ಟು, ಪ್ರತಿಯೊಬ್ಬರಿಂದ ಎರಡೆರಡು ಸಲ ಅಳೆಸಿದೆವು. ಒಬ್ಬರು ರಿಜೆಕ್ಟ್ ಎಂದ ಪೀಸನ್ನು ಇನ್ನೊಬ್ಬರು ಸರಿಯಿದೆ ಎಂದರು. ಅಷ್ಟೇ ಏಕೆ, ಟೀ ಬ್ರೇಕಿಗೆ ಮುನ್ನ ತಾವೇ ರಿಜೆಕ್ಟ್ ಮಾಡಿದ್ದ ಪೀಸುಗಳನ್ನು ಅದೇ ವ್ಯಕ್ತಿ ಟೀ ಕುಡಿದು ಬಂದು ಪಾಸು ಮಾಡಿದರು.

ಗುಟ್ಟು ವಾಷಿಂಗ್ ಮೆಷಿನ್‌ನಲ್ಲಿತ್ತು. ಬಿಸಿನೀರಿನಲ್ಲಿ ತೊಳೆದು ಬಂದ ಪೀಸುಗಳು ಫಸ್ಟ್ ಶಿಫ್ಟ್‌ನಲ್ಲಿ ಟ್ರಾಲಿಯ ಮೇಲೆ ಬಹಳ ಹೊತ್ತು ನಿಂತು ತಣ್ಣಗಾಗುತ್ತಿದ್ದವು. ಸೆಕೆಂಡ್ ಶಿಫ್ಟ್‌ನಲ್ಲಿ ಅವಸರ ಹೆಚ್ಚು, ಬಿಸಿ ಬಿಸಿಯಾಗಿಯೇ ಗೇಜಿನ ಮುಂದೆ ಬರುತ್ತಿದ್ದವು. ಆ ಅಳತೆಯ ಅಲ್ಯೂಮಿನಿಯಂ ಬೋರ್ 20 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಎಂದರೆ, ಹೆಚ್ಚುಕಡಿಮೆ ಇದ್ದ ಸಡಿಲಿಕೆಯೆಲ್ಲ ಬಿಸಿಗೇ ಖರ್ಚಾಗುತ್ತಿತ್ತು. ನಾವು ಒಳ್ಳೆಯ ಮಾಲನ್ನು ಸ್ಕ್ರ್ಯಾಪ್ ತೊಟ್ಟಿಗೆ ಹಾಕಿ, ಆಪರೇಟರುಗಳನ್ನು ಬೈಯುತ್ತಿದ್ದೆವು.

ಇದರಲ್ಲಿ ಆ ಹಿರಿಯರು ಮಾಡಿದ್ದೇನು ಎಂದು ನೋಡಿ. ಅವರು ಉತ್ತರ ಹೇಳಲಿಲ್ಲ, ಬಹುಶಃ ಅವರಿಗೂ ಗೊತ್ತಿರಲಿಲ್ಲ. ಯಾವ ಪ್ರಶ್ನೆ ಮೊದಲು, ಯಾವುದು ಆಮೇಲೆ ಎಂಬುದಷ್ಟೇ ಅವರಿಗೆ ಗೊತ್ತಿತ್ತು. ಪೀಸುಗಳನ್ನು ತಣ್ಣಗಾಗಿಸುವ ರ‍್ಯಾಕ್ ಬಂದ ಮೇಲೆ, ಆಡಳಿತದ ಮುಂದೆ ವಿಷಯ ಮಂಡಿಸಲು ನಾನು ಸಜ್ಜಾಗಿ ನಿಂತಿದ್ದರೆ, ಅವರು ಸೆಕೆಂಡ್ ಶಿಫ್ಟ್‌ನ ಸೂಪರ್‌ವೈಸರ್‌ರನ್ನು ಕಳುಹಿಸಿದರು. ಆ ದಿನ ನನಗೆ ಸಿಟ್ಟು ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆರು ತಿಂಗಳ ನಂತರ ಹೋಗಿ ನೋಡಿದಾಗ ರ‍್ಯಾಕ್ ಅಲ್ಲೇ ಇತ್ತು, ಪಕ್ಕದಲ್ಲಿ ಸೂಪರ್‌ವೈಸರ್ ತಮ್ಮ ಕೈಯಾರೆ ಬರೆದು ಅಂಟಿಸಿದ್ದ ದಿನವಹಿ ಪಟ್ಟಿಯೂ ಇತ್ತು. ಅದು ನನ್ನ ಪ್ರಾಜೆಕ್ಟ್ ಆಗಿ ಉಳಿದಿದ್ದರೆ ನಾನು ಬೇರೆ ಲೈನಿಗೆ ಹೋದ ವಾರವೇ ಆ ರ‍್ಯಾಕ್ ಮೂಲೆ ಸೇರುತ್ತಿತ್ತು.

ಈ ಹಿರಿಯರ ಇನ್ನೊಂದು ಮುಖ್ಯ ಕೆಲಸ 'ಬೇಡ' ಎನ್ನುವುದು. ದೊಡ್ಡ ಸಂಸ್ಥೆಯಲ್ಲಿ ವರ್ಷಕ್ಕೆ ಇಷ್ಟು ಪ್ರಾಜೆಕ್ಟ್, ಇಷ್ಟು ಕೋಟಿ ಉಳಿತಾಯ ಎಂಬ ಗುರಿ ಬಂದ ಕೂಡಲೇ ಲೆಕ್ಕಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ: ಒಬ್ಬೊಬ್ಬರಿಗೆ ದಿನಕ್ಕೆ ಹತ್ತು ನಿಮಿಷ ಉಳಿಯಿತು, ಅದನ್ನು ಆರುನೂರು ಜನಕ್ಕೆ ಗುಣಿಸಿ, ಮತ್ತೆ ಸಂಬಳಕ್ಕೆ ಗುಣಿಸಿದರೆ ಭರ್ಜರಿ ಮೊತ್ತವೊಂದು ಸಿದ್ಧ. ಸಂಬಳದ ಬಟವಾಡೆಯಲ್ಲಿ ಮಾತ್ರ ಒಂದು ರೂಪಾಯಿಯೂ ಕಡಿಮೆಯಾಗಿರುವುದಿಲ್ಲ, ಹೆಚ್ಚು ಮಾಲೂ ಹೊರಬಂದಿರುವುದಿಲ್ಲ. ಹಣಕಾಸು ವಿಭಾಗ ಒಪ್ಪದ ಉಳಿತಾಯವನ್ನು ಉಳಿತಾಯವೆಂದು ಬರೆಯುವುದಿಲ್ಲ ಎಂದು ನಿಲ್ಲುವ ಹಿರಿಯರು ಒಬ್ಬರಿದ್ದರೂ ಸಂಸ್ಥೆಯ ಸುಧಾರಣೆಯ ಲೆಕ್ಕವನ್ನು ನಂಬಬಹುದು. ಹಾಗೆ ನಿಲ್ಲುವುದು ಸುಲಭವಲ್ಲ, ಏಕೆಂದರೆ ಆ ಕೋಟಿಗಳನ್ನು ಮೇಲಿನವರು ಆಗಲೇ ಇನ್ನೂ ಮೇಲಿನವರಿಗೆ ಹೇಳಿರುತ್ತಾರೆ.

ಆದ್ದರಿಂದ ಬಡ್ತಿ ಒಪ್ಪುವ ಮುನ್ನ, ನೀವು ವರದಿ ಮಾಡಬೇಕಾದುದು ಕಾರ್ಖಾನೆಯ ಮುಖ್ಯಸ್ಥರಿಗೋ ಅಥವಾ ತರಬೇತಿ ವಿಭಾಗದ ಯಾರಿಗೋ ಎಂದು ಕೇಳಿಕೊಳ್ಳಿ. ಪ್ರಾಜೆಕ್ಟ್ ತಿರಸ್ಕರಿಸುವ ಅಧಿಕಾರ ಇದೆಯೇ ಎಂದೂ ಕೇಳಿ. ಎರಡಕ್ಕೂ ಸರಿಯಾದ ಉತ್ತರ ಬಂದರೆ, ಕೈಕೆಳಗೆ ಅರವತ್ತು ಮಂದಿ ಇಲ್ಲದಿರುವುದು ಮೊದಲ ಮೂರು ತಿಂಗಳಷ್ಟೇ ಖಾಲಿ ಖಾಲಿ ಎನಿಸುತ್ತದೆ. ಬರದಿದ್ದರೆ ನಿಮ್ಮ ಸಹೋದ್ಯೋಗಿಗಳ ಸಲಹೆಯೇ ಸರಿ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಬ್ಯಾಂಕೊಂದರ ಸಾಲದ ಅರ್ಜಿಗಳನ್ನು ಪರಿಶೀಲಿಸುವ ಕಚೇರಿಯಲ್ಲಿದ್ದೇನೆ. ಕಳೆದ ತಿಂಗಳು ಬಂದ ತಜ್ಞರೊಬ್ಬರು ನಮ್ಮ ಪಕ್ಕದಲ್ಲಿ ಕುಳಿತು ಪ್ರತಿ ಕೆಲಸಕ್ಕೂ ಎಷ್ಟು ನಿಮಿಷ ಎಂದು ಬರೆದುಕೊಳ್ಳುತ್ತಿದ್ದಾರೆ. ಸುಧಾರಣೆ ಎಂದರೆ ಕೊನೆಗೆ ಜನರನ್ನು ಕಡಿಮೆ ಮಾಡುವುದೇ ಅಲ್ಲವೇ?
– ಓದುಗರೊಬ್ಬರು, ಮೂಲತಃ ಹುಬ್ಬಳ್ಳಿಯವರು

ಉತ್ತರ: ಕೆಲವೆಡೆ ಹಾಗೆ ಆಗುತ್ತದೆ, ಆಗುವುದೇ ಇಲ್ಲ ಎಂದು ಬರೆದರೆ ನಿಮಗೆ ಮೋಸ ಮಾಡಿದಂತೆ. ಆದರೆ ಆ ತಜ್ಞರು ಕೆಲಸ ಬಲ್ಲವರಾದರೆ ಅವರ ಕಣ್ಣು ನಿಮ್ಮ ಕೈಗಳ ಮೇಲಿರುವುದಿಲ್ಲ, ಅರ್ಜಿಯ ಮೇಲಿರುತ್ತದೆ. ನಿಮ್ಮ ಕಚೇರಿಯಲ್ಲಿ 600 ಅರ್ಜಿಗಳು ಸದಾ ಬಾಕಿ ಇದ್ದು, ದಿನಕ್ಕೆ 50 ಇತ್ಯರ್ಥವಾಗುತ್ತಿದ್ದರೆ, ಒಂದು ಅರ್ಜಿ ಸರಾಸರಿ 12 ದಿನ ಅಲ್ಲಿರುತ್ತದೆ. ಜಾನ್ ಲಿಟಲ್ ಎಂಬ ವಿದ್ವಾಂಸರು 1961ರಲ್ಲಿ ಗಣಿತದ ಮೂಲಕ ಸಾಧಿಸಿ ತೋರಿಸಿದ ಸರಳ ಸಂಬಂಧವಿದು. ಆ 12 ದಿನಗಳಲ್ಲಿ ಅರ್ಜಿಯನ್ನು ಯಾರಾದರೂ ನಿಜವಾಗಿ ಕೈಗೆತ್ತಿಕೊಂಡ ಹೊತ್ತನ್ನು ಕೂಡಿಸಿ ನೋಡಿ, ಒಂದು ಗಂಟೆಯೂ ಆಗದಿದ್ದರೆ ಆಶ್ಚರ್ಯವಿಲ್ಲ. ಉಳಿದದ್ದೆಲ್ಲ ಯಾರದೋ ಸಹಿಗೆ, ಬಿಟ್ಟುಹೋದ ದಾಖಲೆಗೆ ಕಾದ ಸಮಯ. ನೀವು ಬೇಗ ಬೇಗ ಟೈಪ್ ಮಾಡಿದರೆ ಅದು ಕರಗುವುದಿಲ್ಲ.

ಟೊಯೊಟಾದ ತಯಾರಿಕಾ ಪದ್ಧತಿಯನ್ನು ರೂಪಿಸಿದ ತೈಚಿ ಓನೊ, ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತ ಎಳೆದು, ಅದರೊಳಗೆ ಎಂಜಿನಿಯರುಗಳನ್ನು ಗಂಟೆಗಟ್ಟಲೆ ನಿಲ್ಲಿಸಿ, ಕೆಲಸ ಎಲ್ಲಿ ನಿಂತು ಕಾಯುತ್ತಿದೆ ಎಂದು ನೋಡಿಸುತ್ತಿದ್ದರಂತೆ. ಅದೇ ಕಂಪನಿಯ ಚರಿತ್ರೆಯಲ್ಲಿ ನಿಮ್ಮ ಭಯಕ್ಕೂ ಒಂದು ಅಧ್ಯಾಯವಿದೆ: 1950ರಲ್ಲಿ ಹಣದ ಮುಗ್ಗಟ್ಟಿನಿಂದ ನೌಕರರನ್ನು ಕಡಿಮೆ ಮಾಡಬೇಕಾಗಿ ಬಂದು ದೊಡ್ಡ ಮುಷ್ಕರವಾದಾಗ, ಅಧ್ಯಕ್ಷರಾಗಿದ್ದ ಕಿಚಿರೊ ಟೊಯೊಡಾ ಅದರ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಕೆಲಸಗಾರರು ಕೊಡುವ ಸಲಹೆಗಳ ಮೇಲೆಯೇ ನಿಂತಿರುವ ಆ ಪದ್ಧತಿ ಮುಂದೆ ಬೆಳೆದದ್ದು, ಸಲಹೆ ಕೊಟ್ಟವರ ಕೆಲಸಕ್ಕೆ ಕುತ್ತಿಲ್ಲ ಎಂಬ ನಂಬಿಕೆ ಹುಟ್ಟಿದ ಮೇಲೆ.

ಹಿರಿಯ ತಜ್ಞರ ಹೊಣೆ ಇರುವುದು ಇಲ್ಲಿಯೇ. ಕೆಲಸ ಶುರುವಾಗುವ ಮುನ್ನವೇ, ಬಿಡುವಾಗುವ ಸಿಬ್ಬಂದಿಯನ್ನು ಎಲ್ಲಿಗೆ ಹಾಕುತ್ತೀರಿ ಎಂದು ಆಡಳಿತವನ್ನು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕಾದವರು ಅವರು. ಒಂದು ಸಲ ಜನರನ್ನು ಮನೆಗೆ ಕಳುಹಿಸಿದ ಕಚೇರಿಯಲ್ಲಿ ಮುಂದಿನ ಸಲ ಯಾರೂ ನಿಜವಾದ ನಿಮಿಷ ಹೇಳುವುದಿಲ್ಲ, ಆಮೇಲೆ ತಜ್ಞರು ಬರೆದುಕೊಳ್ಳುವುದೆಲ್ಲ ಕಟ್ಟುಕಥೆ. ನೀವು ಅವರನ್ನು ನೇರವಾಗಿ ಕೇಳಿ: "ಸರ್, ಇದು ಮುಗಿದ ಮೇಲೆ ನಮ್ಮಲ್ಲಿ ಎಷ್ಟು ಜನ ಇರುತ್ತೇವೆ?" ಬಲ್ಲವರು ಈ ಪ್ರಶ್ನೆಗೆ ಮುನಿಸಿಕೊಳ್ಳುವುದಿಲ್ಲ.

ಪ್ರಶ್ನೆ: ಎಂಬಿಎ ಎರಡನೇ ವರ್ಷದಲ್ಲಿದ್ದೇನೆ. ಮೂರು ದಿನಗಳಲ್ಲಿ ಬ್ಲ್ಯಾಕ್ ಬೆಲ್ಟ್ ಸರ್ಟಿಫಿಕೇಟ್ ಕೊಡುವ ಜಾಹೀರಾತು ನೋಡಿದೆ. ಸೇರಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇಡ. ಗುಣಮಟ್ಟ ತಜ್ಞರ ಅಮೆರಿಕದ ಸಂಸ್ಥೆಯಾದ ಎಎಸ್‌ಕ್ಯೂ ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಕೂರಿಸುವ ಮುನ್ನವೇ ಪೂರೈಸಿದ ಪ್ರಾಜೆಕ್ಟಿನ ದೃಢೀಕರಣ ಕೇಳುತ್ತದೆ. ಮೂರು ದಿನಗಳಲ್ಲಿ ಪ್ರಾಜೆಕ್ಟ್ ಎಲ್ಲಿಂದ ಬರಬೇಕು? ಮೊದಲು ಸಂಖ್ಯಾಶಾಸ್ತ್ರವನ್ನು ಗಟ್ಟಿ ಮಾಡಿಕೊಳ್ಳಿ. ನಮ್ಮ ದೇಶದಲ್ಲಿ ಈ ವಿದ್ಯೆಗೆ ಒಳ್ಳೆಯ ಮನೆತನವೇ ಇದೆ: ನಿತ್ಯದ ಏರಿಳಿತ ಯಾವುದು, ಅಸಹಜವಾದದ್ದು ಯಾವುದು ಎಂದು ತೋರಿಸುವ ನಿಯಂತ್ರಣ ನಕ್ಷೆಯನ್ನು (ಕಂಟ್ರೋಲ್ ಚಾರ್ಟ್) 1924ರಲ್ಲಿ ಮೊದಲು ರಚಿಸಿದ ವಾಲ್ಟರ್ ಶೂಹಾರ್ಟ್, ಮಹಾಲನೋಬಿಸ್ ಅವರ ಆಹ್ವಾನದ ಮೇಲೆ 1947–48ರ ಹೊತ್ತಿಗೆ ಭಾರತಕ್ಕೆ ಬಂದಿದ್ದರು, ಮಹಾಲನೋಬಿಸ್ ಕಟ್ಟಿದ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲಿದೆ, ಗುಣಮಟ್ಟ ನಿಯಂತ್ರಣ ಅಲ್ಲಿನ ಹಳೆಯ ಕಸುಬು.

ಆ ನಕ್ಷೆಯನ್ನು ಕಲಿಯಲು ಕಾರ್ಖಾನೆಯೇ ಬೇಕಿಲ್ಲ. ಹಾಸ್ಟೆಲ್‌ನಿಂದ ಕಾಲೇಜಿಗೆ ಹೋಗಲು ದಿನವೂ ಹಿಡಿಯುವ ನಿಮಿಷಗಳನ್ನು ಒಂದು ತಿಂಗಳು ಬರೆದಿಡಿ. ಎರಡು ನಿಮಿಷ ಹೆಚ್ಚು, ಮೂರು ನಿಮಿಷ ಕಡಿಮೆ ಎಂಬ ನಿತ್ಯದ ಏರಿಳಿತ ಯಾವುದು, ರೈಲ್ವೆ ಗೇಟು ಹಾಕಿದ ದಿನ ಯಾವುದು ಎಂದು ನಕ್ಷೆ ನೋಡಿಯೇ ಬೇರ್ಪಡಿಸಲು ಬಂದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ.