ದುಡಿದದ್ದು ಬಿಟ್ಟರೆ ಹೇಳಲು ಏನೂ ಇಲ್ಲದ ಅಜ್ಜಿಯ ಬದುಕನ್ನು ಹೇಗೆ ಬರೆದಿಡುವುದು?

ತೀರಿಕೊಂಡ ನಿಮ್ಮ ಅಜ್ಜಿಯ ಬಗ್ಗೆ ನಾಲ್ಕು ಮಾತು ಬರೆಯಲು ಕುಳಿತಿದ್ದೀರಿ. ಆಕೆ ಶಾಲೆಗೆ ಹೋದವಳಲ್ಲ, ಊರು ಬಿಟ್ಟವಳಲ್ಲ, ಹೊಲಮನೆಯಲ್ಲಿ ದುಡಿದದ್ದು ಬಿಟ್ಟರೆ ಹೇಳಲು ಏನೂ ತೋಚುತ್ತಿಲ್ಲ ಎಂದಿದ್ದೀರಿ. ಆ 'ದುಡಿದದ್ದು ಬಿಟ್ಟರೆ' ಎಂಬ ಮಾತನ್ನು ಮೊದಲು ತೆಗೆದುಹಾಕಿ ಎಂದು ವಿನಂತಿಸುತ್ತೇನೆ. ದುಡಿಮೆಯನ್ನೇ ಬರೆಯಿರಿ. ಯಾವ ಮಳೆಗೆ ಯಾವ ಕೆಲಸ ಹಿಡಿಯುತ್ತಿದ್ದಳು, ಏನನ್ನು ನೋಡಿ ಏನನ್ನು ನಿರ್ಧರಿಸುತ್ತಿದ್ದಳು, ಯಾವುದನ್ನು ಬೇರೆಯವರ ಕೈಗೆ ಬಿಡುತ್ತಿರಲಿಲ್ಲ ಎಂಬುದನ್ನು ಬರೆಯಿರಿ. ನನ್ನ ಆಯಿಯನ್ನು (ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ) ನಾನು ಈಗ ನೆನೆಯುವುದು ಹಾಗೆಯೇ. ಆದರೆ ಅದು ಹೊಳೆಯಲು ಆಕೆ ಹೋಗಿ ಬಹಳ ವರ್ಷಗಳಾಗಬೇಕಾಯಿತು.

ನಮ್ಮದು ವಿಜಯಪುರ ಜಿಲ್ಲೆಯ ಡೋಣಿ ಹೊಳೆಯ ದಂಡೆಯ ಊರು. 'ಡೋಣಿ ಬೆಳೆದರೆ ಓಣಿಯೆಲ್ಲ ಜೋಳ' ಎಂಬ ಗಾದೆಯನ್ನು ನೀವೂ ಕೇಳಿರಬಹುದು. ಅಲ್ಲಿನ ಆಳವಾದ ಎರೆಭೂಮಿ ಮಳೆಗಾಲದ ನೀರನ್ನೆಲ್ಲ ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಉತ್ತರಿ, ಹಸ್ತ ಮಳೆಗಳ ಹೊತ್ತಿಗೆ ಬಿತ್ತಿದ ಬಿಳಿಜೋಳ ಆಮೇಲೆ ಒಂದು ಹನಿ ಬೀಳದಿದ್ದರೂ ನೆಲದ ಹಸಿಯಲ್ಲೇ ಬೆಳೆದು ಚಳಿ ಇಳಿಯುವ ಹೊತ್ತಿಗೆ ತೆನೆ ಬಲಿಯುತ್ತದೆ. ಹೊಲಕ್ಕೆ ಇಷ್ಟು ಉದಾರವಾದ ಡೋಣಿಯ ನೀರು ಬಾಯಿಗೆ ಹಾಕಲಾಗದಷ್ಟು ಉಪ್ಪು. ಆದ್ದರಿಂದ ಹೊಳೆಯ ದಂಡೆಯಲ್ಲೇ ಇದ್ದರೂ ಆಯಿಯ ದಿನ ಆರಂಭವಾಗುತ್ತಿದ್ದುದು ದೂರದ ಸಿಹಿನೀರಿನ ಬಾವಿಯಿಂದ ಕೊಡ ಹೊತ್ತು ತರುವುದರಿಂದ. ಅದಕ್ಕೂ ಮೊದಲು, ಊರಿಗೆ ಗಿರಣಿ ಬರುವವರೆಗೆ, ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತು ಆ ದಿನದ ಜೋಳ ಬೀಸಿ ಮುಗಿಸುತ್ತಿದ್ದಳಂತೆ. ರೊಟ್ಟಿ ಬಡಿಯುವುದು, ದನದ ಸಗಣಿ ತೆಗೆಯುವುದು, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು ಇವೆಲ್ಲ ನಿಮ್ಮ ಅಜ್ಜಿಯ ದಿನಚರಿಯಲ್ಲೂ ಇದ್ದಿರಬೇಕು.

ಕುಸುಬಿಯ ಕೊಯ್ಲನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಜೋಳ, ಕಡಲೆಗಳ ನಡುವೆ ಅಕ್ಕಡಿ ಸಾಲಾಗಿ ಹಾಕುತ್ತಿದ್ದ ಕುಸುಬಿ ಒಣಗಿದಾಗ ಗಿಡವೆಲ್ಲ ಮುಳ್ಳಾಗುತ್ತದೆ. ಬಿಸಿಲು ಏರಿದ ಮೇಲೆ ಅದನ್ನು ಮುಟ್ಟುವುದೇ ಕಷ್ಟ. ಇಬ್ಬನಿಯಲ್ಲಿ ಮುಳ್ಳು ನೆನೆದು ಮೆತ್ತಗಾಗಿರುವ ಒಂದೆರಡು ತಾಸಿನಲ್ಲೇ ಕೊಯ್ದು ಮುಗಿಸಬೇಕು. ಆಯಿ ಕೈಕಾಲುಗಳಿಗೆ ಹಳೆಯ ಅರಿವೆ ಸುತ್ತಿಕೊಂಡು, ಇನ್ನೂ ಚಿಕ್ಕೆ ಕಾಣುತ್ತಿರುವಾಗಲೇ ಹೊಲದಲ್ಲಿರುತ್ತಿದ್ದಳು. ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಮನೆಗೆ ಬಂದು ಒಲೆಯ ಮುಂದೆ ಕುಳಿತಿರುತ್ತಿದ್ದುದರಿಂದ, ಆಕೆ ಮನೆಯಲ್ಲೇ ಇದ್ದಳು ಎಂದು ಮಕ್ಕಳಾದ ನಾವು ನಂಬಿಕೊಂಡಿದ್ದೆವು. ಬೆರಳಿನ ಸಂದಿಯಲ್ಲಿ ಉಳಿದ ಮುಳ್ಳನ್ನು ಪಿನ್ನಿನಿಂದ ತೆಗೆದುಕೊಡುವುದು ಅಕ್ಕನ ಕೆಲಸವಾಗಿತ್ತು. ಅದೇ ಕೈ ಮರುಗಳಿಗೆ ಕುದಿಯುವ ಎಸರು ಹಾಕಿದ ಹಿಟ್ಟನ್ನು ನಾದುತ್ತಿತ್ತು.

ಆದರೆ ಆಯಿಯನ್ನು ಆಯಿಯನ್ನಾಗಿ ಮಾಡಿದ್ದು ಬೀಜ ಎಂದು ನಾನು ತಿಳಿಯುತ್ತೇನೆ. ರಾಶಿಗೆ ಮೊದಲು, ಜೋಳ ಇನ್ನೂ ನಿಂತಿರುವಾಗಲೇ, ಆಕೆ ಒಬ್ಬಳೇ ಹೊಲವನ್ನು ಸುತ್ತಿ ಬರುತ್ತಿದ್ದಳು. ಮುಂದಿನ ವರ್ಷದ ಬಿತ್ತನೆಗೆ ಬೇಕಾದ ತೆನೆಗಳನ್ನು ತಾನೇ ಆರಿಸಿ, ಮುರಿದು, ಬೇರೆ ಬುಟ್ಟಿಯಲ್ಲಿ ತಂದು, ಬಿಸಿಲಿಗೆ ಒಣಗಿಸಿ, ಕೈಯಿಂದಲೇ ಬಡಿದು, ಬೂದಿ ಮತ್ತು ಬೇವಿನ ಎಲೆ ಬೆರೆಸಿ ಗಡಿಗೆಯಲ್ಲಿ ತುಂಬಿ ಬಾಯಿಗೆ ಮಣ್ಣು ಮೆತ್ತುತ್ತಿದ್ದಳು. ಮನೆಯ ಗಂಡಸರಿಗೆ ಕೂರಿಗೆ ಹೂಡುವುದು ಗೊತ್ತಿತ್ತು. ಆದರೆ ಕೂರಿಗೆಯ ಬಟ್ಟಲಿಗೆ ಯಾವ ಜೋಳ ಬೀಳಬೇಕೆಂದು ಗೊತ್ತಿದ್ದವಳು ಆಕೆ ಒಬ್ಬಳೇ.

1972ರ ಬರ ನಮ್ಮ ಭಾಗವನ್ನು ಹಿಂಡಿದಾಗ ನನಗೆ ಏಳು ವರ್ಷ. ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ನಮ್ಮ ಹಗೇವು, ಬರಿದಾಗಿತ್ತು. ಮುತ್ಯಾ (ಅಜ್ಜ) ಅದಕ್ಕೂ ಮೊದಲೇ ತೀರಿಕೊಂಡಿದ್ದ, ಕಾಕಾ ಗುಳೆ ಹೋಗಿದ್ದ. ಅವ್ವ ಮತ್ತು ಆಯಿ ಬರಗಾಲದ ಕಾಮಗಾರಿಯಲ್ಲಿ ರಸ್ತೆಗೆ ಖಡಿ ಒಡೆಯಲು ಹೋಗುತ್ತಿದ್ದರು. ಪಡಿತರದಲ್ಲಿ ಸಿಕ್ಕುತ್ತಿದ್ದ ಕೆಂಪು ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಅದೂ ಸಾಲುತ್ತಿರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಮಾತ್ರ ಎರಡು ಗಡಿಗೆ ತುಂಬ ಬಿಳಿಜೋಳವಿತ್ತು. ಒಂದು ರಾತ್ರಿ ನಾನು ಆ ಗಡಿಗೆಯನ್ನು ತೋರಿಸಿ ಅತ್ತದ್ದು, ಅವ್ವನೂ ಏನೂ ಹೇಳದೆ ಅತ್ತೆಯ ಮುಖ ನೋಡಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆಯಿ ಬೈಯಲಿಲ್ಲ. ನನ್ನನ್ನು ಹತ್ತಿರ ಎಳೆದುಕೊಂಡು, "ಅದು ನಮ್ದಲ್ಲ ತಮ್ಮಾ, ಹೊಲದ್ದು" ಎಂದಳು. ತನ್ನ ಪಾಲಿನ ರೊಟ್ಟಿಯಲ್ಲಿ ಅರ್ಧ ಮುರಿದು ನನಗೆ ಕೊಟ್ಟಳು. ಮರುವರ್ಷ ಹಸ್ತ ಮಳೆ ಬಿದ್ದ ಮೇಲೆಯೇ ಗಡಿಗೆಯ ಬಾಯಿ ತೆರೆದದ್ದು. ನಮ್ಮ ಹೊಲಕ್ಕೆ ಬಿತ್ತಿ ಉಳಿದುದನ್ನು ಓಣಿಯ ನಾಲ್ಕು ಮನೆಗಳಿಗೆ ಸೇರಿನಲ್ಲಿ ಅಳೆದು ಕೊಟ್ಟಳು. ರಾಶಿ ಮಾಡಿದ ಮೇಲೆ ಅಷ್ಟೇ ಸೇರು ಮರಳಿ ಪಡೆದಳು, ಒಂದು ಹಿಡಿಯನ್ನೂ ಬಡ್ಡಿಯಾಗಿ ಮುಟ್ಟಲಿಲ್ಲ.

ಇಷ್ಟೆಲ್ಲ ಮಾಡಿದವಳ ಹೆಸರು ಆ ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಎಂದೂ ಬರಲಿಲ್ಲ. ಇದನ್ನು ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ. ಗಂಡನ ಆಸ್ತಿಯಲ್ಲಿ ಮಕ್ಕಳ ಜೊತೆ ವಿಧವೆಗೂ ಪಾಲು ಇದೆ ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿತ್ತು; ಆದರೆ ಮುತ್ಯಾ ತೀರಿಕೊಂಡಾಗ ಹಿರಿಯರೆಲ್ಲ ಕೂಡಿ, ಹಕ್ಕು ಬಿಟ್ಟುಕೊಡುವ ಕಾಗದದ ಮೇಲೆ ಆಕೆಯ ಹೆಬ್ಬೆಟ್ಟು ಒತ್ತಿಸಿ, ಹದಿನಾಲ್ಕು ಎಕರೆಯನ್ನು ಅಪ್ಪ ಮತ್ತು ಕಾಕಾನ ಹೆಸರಿಗೆ ಮಾಡಿದರು. ಅಪ್ಪ ಕೆಟ್ಟವನಲ್ಲ, ತಾಯಿಯನ್ನು ಕೊನೆಯವರೆಗೆ ಚೆನ್ನಾಗಿ ನೋಡಿಕೊಂಡ. ಆದರೂ ಅದು ತಪ್ಪೇ ಆಗಿತ್ತು. ಕಾಲೇಜಿಗೆ ಹೋಗುವ ದಿನಗಳಲ್ಲಿ ನಾನು ಈ ಬಗ್ಗೆ ಕೇಳಿದಾಗ ಆಕೆ, "ಉತಾರ ಯಾರ ಹೆಸರಿಗಿದ್ರೂ ಕಸಾ ತಗಿಯಾಕಿ ನಾನ" ಎಂದು ಕುರ್ಚಗಿ ಹಿಡಿದು ಸಾಲು ಹೊಕ್ಕಳು. ಅದು ಸಮಾಧಾನದ ಮಾತೋ ನೋವಿನದೋ ಎಂದು ಕೇಳುವಷ್ಟು ತಿಳಿವಳಿಕೆ ಆಗ ನನಗಿರಲಿಲ್ಲ. ಆಕೆ ದುಡಿಯುವವಳು ಎಂದು ಹೆಸರು ಸಮೇತ ಬರೆದುಕೊಂಡ ಕಾಗದವೆಂದರೆ, ನನಗೆ ತಿಳಿದ ಮಟ್ಟಿಗೆ, ಬರಗಾಲದ ಆ ಖಡಿ ಕೆಲಸದ ಹಾಜರಿ ಪುಸ್ತಕ ಒಂದೇ.

ಈಗ ನಿಮಗೆ ಉಪಯೋಗವಾಗುವ ಒಂದು ಮಾತು. ಅಜ್ಜಿಯ ಬಗ್ಗೆ ಮನೆಯವರನ್ನು ಮನೆಯಲ್ಲೇ ಕೂರಿಸಿ ಕೇಳಬೇಡಿ. ನಾನು ಅವ್ವನನ್ನು ಹಲವು ಸಲ ಹಾಗೆ ಕೇಳಿ ಸೋತಿದ್ದೇನೆ; ಪ್ರತಿ ಸಲವೂ "ಏನೈತಿ ಹೇಳಾಕ, ದುಡದ್ಲು, ಹೋದ್ಲು" ಎಂದು ಮಾತು ಮುಗಿಸುತ್ತಿದ್ದಳು. ಕೆಲವು ವರ್ಷಗಳ ಹಿಂದೆ, ಎಳ್ಳ ಅಮಾವಾಸ್ಯೆ ಕಳೆದು ಜೋಳ ಬಲಿತಿದ್ದ ಸಮಯದಲ್ಲಿ, ಅವಳನ್ನು ಹೊಲಕ್ಕೆ ಕರೆದೊಯ್ದು, ಆಯಿ ಬೀಜದ ತೆನೆಯನ್ನು ಹೇಗೆ ಆರಿಸುತ್ತಿದ್ದಳು ತೋರಿಸು ಎಂದೆ. ನಾನು ದೊಡ್ಡ ತೆನೆಯೊಂದನ್ನು ಹಿಡಿದು ಇದಿರಬಹುದೇ ಎಂದು ಕೇಳಿದೆ. ಅವ್ವ ನನ್ನ ಕೈ ಸರಿಸಿ, ತೆನೆಯನ್ನು ಬಿಟ್ಟು ಅದರ ಕೆಳಗಿನ ದಂಟನ್ನು ಹಿಡಿದು ಬುಡದವರೆಗೆ ಬೆರಳಾಡಿಸಿದಳು. "ತೆನಿ ಆಮ್ಯಾಲ ನೋಡು ಅಂತಿದ್ಲು ನಮ್ಮತ್ತಿ. ಮೊದಲ ಕಣಿಕಿ (ಮೇವಿನ ದಂಟು) ನೋಡಬೇಕು. ಎತ್ತಿಗೂ ಹೊಟ್ಟಿ ಐತಲ್ಲ" ಎಂದಳು. ಆಮೇಲೆ ಆ ಸಾಲಿನ ಕೊನೆ ಮುಟ್ಟುವವರೆಗೆ, ಒಂದೊಂದು ದಂಟನ್ನು ಹಿಡಿದು ನೋಡುತ್ತ, ಅತ್ತೆಯ ಮಾತನ್ನೇ ಆಡುತ್ತಿದ್ದಳು.