ಕಾಲಚಕ್ರ ಎಷ್ಟು ಸುತ್ತು ಉರುಳಿತು?

ನಮಸ್ಕಾರ.

ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಟಾಮಿ ಲಾಟನ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಶುದ್ಧವಾಗಿದೆ. ಗೋಲು ಹೊಡೆಯುವುದರಲ್ಲಿ ಹೆಸರಾಗಿದ್ದ ಡಿಕ್ಸಿ ಡೀನ್ ಜಾಗಕ್ಕೆ ಎವರ್ಟನ್ ಕ್ಲಬ್ ಆ ಹುಡುಗನನ್ನು ತಂದ ಭಾಗ ಸಲೀಸಾಗಿ ಓದಿಸಿಕೊಳ್ಳುತ್ತದೆ. ಸರಿ, ಹೊಗಳಿದ್ದಾಯಿತು. ಈಗ ಜಗಳ.

ಮೂರನೇ ಪುಟದ ಒಂದು ಪ್ಯಾರಾ ಎರಡು ದಿನದಿಂದ ನನ್ನ ತಲೆ ತಿನ್ನುತ್ತಿದೆ. ಅದು ಹೀಗಿದೆ: "ಅಷ್ಟರಲ್ಲಿ ಯುದ್ಧದ ಕಾರ್ಮೋಡ ಕವಿಯಿತು. ಲಾಟನ್ ಬೂಟು ಕಳಚಿ ಬಂದೂಕು ಹಿಡಿದ. ಕಾಲಚಕ್ರ ಉರುಳಿತು. ಏಳು ವರ್ಷಗಳ ನಂತರ ಆತ ಮತ್ತೆ ಮೈದಾನಕ್ಕಿಳಿದ. ಯುದ್ಧ ಇಲ್ಲದಿದ್ದರೆ ಐನೂರು ಗೋಲು ಅವನ ಹೆಸರಿನಲ್ಲಿರುತ್ತಿದ್ದವು."

ಮೊದಲು ಕಾರ್ಮೋಡ. ಇದು ಯಾವ ಯುದ್ಧಕ್ಕೂ ಹೊಂದುತ್ತದೆ, ಮಳೆಗಾಲಕ್ಕೂ ಹೊಂದುತ್ತದೆ. ನಿಮ್ಮ ಕೈಯಲ್ಲಿ ಇದಕ್ಕಿಂತ ಒಳ್ಳೆಯದಿತ್ತಲ್ವಾ? 1938-39ರಲ್ಲಿ ಎವರ್ಟನ್ ಇಂಗ್ಲಿಷ್ ಲೀಗ್ ಚಾಂಪಿಯನ್. 34 ಗೋಲು ಈ ಹುಡುಗನದೇ, ವಯಸ್ಸು 19. ಮುಂದಿನ ಸೀಸನ್ ಶುರುವಾಗಿ ಮೂರು ಪಂದ್ಯ ಮುಗಿದಿತ್ತು. ಲಾಟನ್ ಆಗಲೇ ನಾಲ್ಕು ಗೋಲು ಹೊಡೆದಿದ್ದ. ಮೂರನೆಯ ಪಂದ್ಯ 1939ರ ಸೆಪ್ಟೆಂಬರ್ 2, ಶನಿವಾರ. ಭಾನುವಾರ ಬ್ರಿಟನ್ ಯುದ್ಧ ಸಾರಿತು. ಲೀಗ್ ನಿಂತಿತು. ಆಡಿದ್ದ ಮೂರು ಪಂದ್ಯಗಳನ್ನೂ ಲೆಕ್ಕದಿಂದ ಹೊಡೆದುಹಾಕಿದರು. ಆ ನಾಲ್ಕು ಗೋಲು ಅಲ್ಲಿಗೆ ಹೋಯಿತು. ಇದನ್ನು ಬರೆಯಿರಿ. ಮೋಡ ತಾನಾಗಿಯೇ ಕವಿಯುತ್ತದೆ.

"ಬೂಟು ಕಳಚಿ ಬಂದೂಕು ಹಿಡಿದ." ಓದಲು ಚೆಂದ. ಆದರೆ ಸುಳ್ಳು. 1940ರ ಆರಂಭದಲ್ಲಿ ಲಾಟನ್ ಸೇನೆ ಸೇರಿದ್ದು ನಿಜ. ಸೇರಿದ್ದು ಸೈನಿಕರಿಗೆ ಕಸರತ್ತು ಕಲಿಸುವ ವಿಭಾಗಕ್ಕೆ. ಹೆಸರಾಂತ ಆಟಗಾರರು ಎಷ್ಟೋ ಜನ ಅಲ್ಲಿಗೇ ಹೋದರು. ಬೂಟು ಕಾಲಲ್ಲೇ ಇತ್ತು. ನಿಮ್ಮ ವಾಕ್ಯದ ಪ್ರಾಸ ನಿಮಗೆ ಮೋಸ ಮಾಡಿತು.

ಇನ್ನು ಈ ಕಾಲಚಕ್ರ. ಇದನ್ನು ನೋಡಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಕಾರಣ ಇದೆ.

ನಾನು ಪತ್ರಿಕೆಯೊಂದರ ಕ್ರೀಡಾ ಪುಟಕ್ಕೆ ಟ್ರೈನಿಯಾಗಿ ಸೇರಿದ ಹೊಸತು. ಹಳೆಯ ಪೈಲ್ವಾನರೊಬ್ಬರ ಮೇಲೆ ಲೇಖನ ಬರೆದಿದ್ದೆ. ತೊಡೆ ಮುರಿದು ಅಖಾಡ ಬಿಟ್ಟವರು, ಹತ್ತು ವರ್ಷದ ಮೇಲೆ ಗರಡಿ ಮನೆಗೆ ಉಸ್ತಾದರಾಗಿ ವಾಪಸ್ ಬಂದರು. ನಡುವೆ ನಾನು ಬರೆದದ್ದು ಇದೇ ಎರಡು ಪದ. ನಮ್ಮ ಹಿರಿಯ ಉಪಸಂಪಾದಕರು ಬೀಡಿ ಕಚ್ಚಿಕೊಂಡೇ ಓದಿದರು. ಅಲ್ಲಿ ಬೆರಳಿಟ್ಟು, "ಎಷ್ಟು ಸುತ್ತು ಉರುಳಿತಪ್ಪಾ?" ಅಂದರು. ಎಲ್ಲರೂ ನಕ್ಕರು. "ಆ ಹತ್ತು ವರ್ಷ ಅವರ ಮನೇಲಿ ಒಲೆ ಹೇಗೆ ಉರೀತು, ಕೇಳ್ಕೊಂಡು ಬಾ."

ಸಿಟ್ಟಿನಲ್ಲೇ ಬಸ್ ಹತ್ತಿದೆ. ಪೈಲ್ವಾನರು ಹತ್ತು ವರ್ಷ ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆ ಇಳಿಸುತ್ತಿದ್ದರಂತೆ. ಮುಂಗೈಯಲ್ಲಿ ಸುಟ್ಟ ಕಲೆ ತೋರಿಸಿದರು. ನಾನು ಅದನ್ನು ಕುಸ್ತಿಯ ಗಾಯ ಅಂತ ಬರೆದುಬಿಟ್ಟಿದ್ದೆ!

ನಿಮ್ಮ ಏಳು ವರ್ಷಕ್ಕೂ ಅದೇ ಪ್ರಶ್ನೆ. ಲಾಟನ್ "ಮತ್ತೆ ಮೈದಾನಕ್ಕಿಳಿದ" ಅನ್ನುತ್ತೀರಿ. ಇಳಿಯೋಕೆ ಅವನು ಮೈದಾನ ಬಿಟ್ಟಿದ್ದು ಯಾವಾಗ? 1940ರ ಕ್ರಿಸ್‌ಮಸ್ ದಿನ ಬೆಳಗ್ಗೆ ಲಿವರ್‌ಪೂಲ್ ವಿರುದ್ಧ ಎವರ್ಟನ್‌ಗೆ ಆಡಿದ. ಟ್ರಾನ್‌ಮಿಯರ್ ತಂಡಕ್ಕೆ ಜನ ಸಾಲದೆ ಬಂದಾಗ, ಮಧ್ಯಾಹ್ನ ಕ್ರೂ ಪಟ್ಟಣಕ್ಕೆ ಹೋಗಿ ಅವರ ಪರವಾಗಿಯೂ ಆಡಿದ. ಯುದ್ಧಕಾಲದ ಆಟ ಹಾಗೇ ಇತ್ತು. ಯಾರು ಸಿಕ್ಕರೆ ಅವರು, ಯಾವ ಊರಲ್ಲಿದ್ದರೆ ಆ ತಂಡಕ್ಕೆ. ಪಂದ್ಯಕ್ಕೆ 30 ಶಿಲಿಂಗ್. ಬಾಂಬಿನ ಭಯಕ್ಕೆ ಪ್ರೇಕ್ಷಕರ ಸಂಖ್ಯೆಗೂ ಮಿತಿ. 1943ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಇಂಗ್ಲೆಂಡ್ ಸ್ಕಾಟ್ಲೆಂಡನ್ನು 8-0ಯಿಂದ ಸೋಲಿಸಿತು. ಅದರಲ್ಲಿ ನಾಲ್ಕು ಲಾಟನ್‌ದು.

ಅವು ಯಾವುವೂ ಅಧಿಕೃತ ದಾಖಲೆಯಲ್ಲಿಲ್ಲ. ಈ ಎರಡು ಸಾಲನ್ನು ಪಕ್ಕಪಕ್ಕ ಇಟ್ಟು ನೋಡಿ. ಲೆಕ್ಕಕ್ಕೆ ಬಂದ ಅಂತಾರಾಷ್ಟ್ರೀಯ ಪಂದ್ಯ 23, ಗೋಲು 22. ಯುದ್ಧಕಾಲದಲ್ಲಿ ಆಡಿ ಲೆಕ್ಕಕ್ಕೆ ಬಾರದ್ದು 23, ಗೋಲು 24. ಯುದ್ಧ ಅವನ ಆಟ ನಿಲ್ಲಿಸಲಿಲ್ಲ. ಆಡಿದ್ದನ್ನು ಬರೆದುಕೊಳ್ಳುವ ಪುಸ್ತಕ ಮುಚ್ಚಿತು. ನಿಮ್ಮ ಲೇಖನದ ಕಥೆ ಅಲ್ಲೇ ಇದೆ, ನೀವು ಅದರ ಮೇಲೆ ಚಕ್ರ ಉರುಳಿಸಿದ್ದೀರಿ.

ಕೊನೆಯ ವಾಕ್ಯ, ಆ ಐನೂರು ಗೋಲು. ಯಾರು ಎಣಿಸಿದ್ದು? 501 ಯಾಕಲ್ಲ? ಮೊಣಕಾಲು ಮುರಿದು 1941ರಲ್ಲೇ ಆಟ ಮುಗಿಯಬಹುದಿತ್ತು. ಸುಮ್ನೆ ಕನಸು ಕಟ್ಟಬೇಡಿ. 1946ರಲ್ಲಿ ಲೀಗ್ ಮತ್ತೆ ಶುರುವಾದಾಗ ಅವನಿಗೆ 26. ಆ ಸೀಸನ್ನಿನಲ್ಲಿ ತನ್ನ ಹೊಸ ಕ್ಲಬ್ ಚೆಲ್ಸಿ ಪರವಾಗಿ ಹೊಡೆದ ಲೀಗ್ ಗೋಲೂ 26. ಅಷ್ಟು ಹೇಳಿ ಬಿಡಿ, ಕಳೆದದ್ದೆಷ್ಟು ಅಂತ ಓದುಗರು ತಾವೇ ಕೂಡಿಸಿಕೊಳ್ಳುತ್ತಾರೆ.

ಅವನ ನಂತರದ ಬದುಕಿನ ಭಾಗದ ಬಗ್ಗೆ ನಾನೇನೂ ಹೇಳಿಲ್ಲ. ಈ ಪ್ಯಾರಾ ಸರಿಯಾದರೆ ಅದು ಹೇಗೂ ಬದಲಾಗುತ್ತದೆ. ಮೂರನೇ ಪುಟ ತಿದ್ದಿ ಕಳಿಸಿ, ಎರಡು ಪುಟ ಜಾಸ್ತಿಯಾದರೂ ಪರವಾಗಿಲ್ಲ. ಇನ್ನೊಂದು ಮಾತು. ಅವನ ಹೆಸರನ್ನು ಒಂದು ಕಡೆ ಲಾಟನ್, ಇನ್ನೊಂದು ಕಡೆ ಲಾವ್ಟನ್ ಅಂತ ಬರೆದಿದ್ದೀರಿ. ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ.