ಖಾಸಗಿ ಶಾಲೆಯ ಮಕ್ಕಳಿಗೆ ಗಾಳಿಬೀಡಿನ ನವೋದಯದಲ್ಲಿ ಸೀಟು ಸಿಗುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಮನೆ ಮೂರ್ನಾಡಿನ ಹತ್ತಿರದ ಹಳ್ಳಿಯಲ್ಲಿ, ಯಜಮಾನರು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್, ಮಗಳು ವ್ಯಾನಿನಲ್ಲಿ ಮಡಿಕೇರಿಗೆ ಹೋಗಿ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ನಾಲ್ಕನೇ ತರಗತಿ ಓದುತ್ತಿದ್ದಾಳೆ. ಕೊಡಗು ಜಿಲ್ಲೆಯ ನವೋದಯ ಗಾಳಿಬೀಡಿನಲ್ಲಿದೆ, ಐದನೇ ತರಗತಿಯಲ್ಲಿ ಪ್ರವೇಶ ಪರೀಕ್ಷೆ ಬರೆದು ಆರಕ್ಕೆ ಸೇರುವ ಕೇಂದ್ರ ಸರ್ಕಾರದ ವಸತಿ ಶಾಲೆ ಅದು. ಅಲ್ಲಿ ಸೀಟು ಸರ್ಕಾರಿ ಶಾಲೆಯ ಮಕ್ಕಳಿಗೆ ಮಾತ್ರ ಎಂದು ಯಾರೋ ಹೇಳಿದ್ದರಿಂದ ಐದನೇ ತರಗತಿಗೆ ಅವಳನ್ನು ಊರಿನ ಸರ್ಕಾರಿ ಶಾಲೆಗೆ ಸೇರಿಸಬೇಕೇ ಎಂದು ಯೋಚಿಸುತ್ತಿದ್ದೀರಿ.

ನವೋದಯದ ಆಸೆಗಾಗಿ ಮಾತ್ರ ಸೇರಿಸುವುದಾದರೆ ಬೇಡ. ಅದರಿಂದ ನಿಮಗೆ ಏನೂ ದಕ್ಕುವುದಿಲ್ಲ. ನಾನು ವಿರಾಜಪೇಟೆ ಕಡೆಯ ಹಳ್ಳಿಯೊಂದರ ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಪ್ರತಿವರ್ಷ ನವೋದಯದ ಅರ್ಜಿ ತುಂಬಿಸುವ ಕೆಲಸ ಹೇಗೋ ನನ್ನ ಮೇಜಿಗೇ ಬಂದು ಬೀಳುತ್ತದೆ. ಅರ್ಜಿಯಲ್ಲಿ ಶಾಲೆ ಯಾರದ್ದು ಎಂಬುದು ಸೀಟನ್ನು ನಿರ್ಧರಿಸುವುದಿಲ್ಲ. ಸರ್ಕಾರಿ, ಅನುದಾನಿತ, ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆ, ಮೂರೂ ಒಂದೇ. ಶಾಲೆ ಎಲ್ಲಿದೆ ಎಂಬುದೇ ಎಲ್ಲವೂ.

ಒಂದು ನವೋದಯ ವಿದ್ಯಾಲಯದಲ್ಲಿ ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟುಗಳು. ಅವುಗಳಲ್ಲಿ ಕನಿಷ್ಠ ಶೇ 75 ಗ್ರಾಮೀಣ ಮಕ್ಕಳಿಗೆ, ಅಂದರೆ 60. ಗ್ರಾಮೀಣ ಎನ್ನಿಸಿಕೊಳ್ಳಲು ಮಗು ಮೂರು, ನಾಲ್ಕು ಮತ್ತು ಐದನೇ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಈ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಆ ಮಗು ನಗರದ ಅಭ್ಯರ್ಥಿ. ನಿಮ್ಮ ಮಗಳು ಮೂರನೇ ತರಗತಿಯನ್ನು ಮಡಿಕೇರಿಯಲ್ಲಿ ಮುಗಿಸಿದ್ದಾಳೆ. ನಾಳೆಯೇ ಭಾಗಮಂಡಲದ ಆಚೆಯ ಶಾಲೆಗೆ ಸೇರಿಸಿದರೂ ಅವಳು ನಗರದ ಅಭ್ಯರ್ಥಿಯೇ. ಮನೆ ಹಳ್ಳಿಯಲ್ಲಿದೆ, ಮತದಾರರ ಪಟ್ಟಿಯಲ್ಲಿ ಹಳ್ಳಿಯಿದೆ, ಪಡಿತರ ಚೀಟಿಯಲ್ಲಿ ಹಳ್ಳಿಯಿದೆ ಎಂದು ವಾದಿಸಿ ಪ್ರಯೋಜನವಿಲ್ಲ. ಮನೆಯ ವಿಳಾಸ ಜಿಲ್ಲೆಯನ್ನು ತೋರಿಸಲು ಮಾತ್ರ ಬೇಕು.

ಕೊಡಗಿನಲ್ಲಿ ಈ ನಿಯಮ ಬಹಳ ಜನರನ್ನು ದಾರಿ ತಪ್ಪಿಸುವುದು ಏಕೆಂದರೆ, ಇಲ್ಲಿ ಮನೆ ಮತ್ತು ಶಾಲೆ ಒಂದೇ ಊರಿನಲ್ಲಿ ಇರುವುದು ಅಪರೂಪ. 2011ರ ಜನಗಣತಿಯಂತೆ ಜಿಲ್ಲೆಯ ಸುಮಾರು 5.54 ಲಕ್ಷ ಜನರಲ್ಲಿ ಪಟ್ಟಣವಾಸಿಗಳು ಶೇ 15ಕ್ಕೂ ಕಡಿಮೆ. ಆದರೆ ಬೆಳಿಗ್ಗೆ ಏಳೂವರೆಗೆ ಯಾವ ತಿರುವಿನಲ್ಲಿ ನಿಂತು ನೋಡಿದರೂ ಹಳದಿ ವ್ಯಾನುಗಳು ತೋಟದ ಗೇಟುಗಳಿಂದ ಮಕ್ಕಳನ್ನು ತುಂಬಿಕೊಂಡು ಮಡಿಕೇರಿಗೋ ವಿರಾಜಪೇಟೆಗೋ ಕುಶಾಲನಗರಕ್ಕೋ ಓಡುತ್ತಿರುತ್ತವೆ. ಹಳ್ಳಿಯ ಮಕ್ಕಳು ದಿನವೂ ಪಟ್ಟಣಕ್ಕೆ ಹೋಗಿ ಬಂದು, ನವೋದಯದ ಲೆಕ್ಕದಲ್ಲಿ ಪಟ್ಟಣದವರಾಗಿ ಬಿಡುತ್ತಾರೆ. ಪೋಷಕರಿಗೆ ಇದು ಗೊತ್ತಾಗುವುದು ಐದನೇ ತರಗತಿಯಲ್ಲಿ ಅರ್ಜಿ ತುಂಬುವಾಗ. ಎರಡನೇ ತರಗತಿ ಮುಗಿಯುವ ಹೊತ್ತಿಗೇ ತಿಳಿದಿರಬೇಕಾದ ವಿಷಯ ಇದು. ನಿಮಗೆ ಚಿಕ್ಕ ಮಕ್ಕಳು ಇನ್ನೂ ಇದ್ದರೆ ಈಗಲೇ ಲೆಕ್ಕ ಹಾಕಿಕೊಳ್ಳಿ.

ಯಾವ ಊರು ಪಟ್ಟಣ, ಯಾವುದು ಹಳ್ಳಿ ಎಂಬುದನ್ನು ಅಂಗಡಿ ಸಾಲು ನೋಡಿ ತೀರ್ಮಾನಿಸಬೇಡಿ. ಗೋಣಿಕೊಪ್ಪದಂಥ ಸಂತೆ ಊರಿನ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಶಾಲೆಯ ಯುಡೈಸ್ ಸಂಖ್ಯೆ, ಅಂದರೆ ಸರ್ಕಾರ ಪ್ರತಿ ಶಾಲೆಗೂ ಕೊಟ್ಟಿರುವ ಗುರುತಿನ ಸಂಖ್ಯೆ, ಕೊಟ್ಟು ಕೇಳಿ. ಅಲ್ಲಿಗೆ ಹೋದಾಗ ಶಾಲೆಯ ಮಾನ್ಯತೆ ನವೀಕರಣ ಆಗಿದೆಯೇ ಎಂದೂ ವಿಚಾರಿಸಿ. ಫಲಕದಲ್ಲಿ ಕೇಂದ್ರ ಪಠ್ಯಕ್ರಮ ಎಂದು ಬರೆದು, ಕಾಗದದಲ್ಲಿ ರಾಜ್ಯ ಪಠ್ಯಕ್ರಮಕ್ಕೆ ಮಾತ್ರ ಅನುಮತಿ ಪಡೆದಿರುವ ಶಾಲೆಗಳು ನಮ್ಮ ರಾಜ್ಯದಲ್ಲಿ ಹೊಸದೇನಲ್ಲ. ಮಾನ್ಯತೆಯೇ ಇಲ್ಲದಿದ್ದರೆ ಮಗು ಎಷ್ಟು ಜಾಣೆಯಾದರೂ ಅರ್ಜಿ ನಿಲ್ಲುವುದಿಲ್ಲ.

ಜಿಲ್ಲೆಯ ಗೆರೆಯೂ ಅಷ್ಟೇ ಕಟ್ಟುನಿಟ್ಟು. ಮಗು ವಾಸಿಸುವ ಜಿಲ್ಲೆಯೂ ಐದನೇ ತರಗತಿ ಓದುವ ಜಿಲ್ಲೆಯೂ ಒಂದೇ ಆಗಿರಬೇಕು. ಕುಶಾಲನಗರದಲ್ಲಿ ಮನೆ ಇದ್ದು, ಕಾವೇರಿ ಸೇತುವೆ ದಾಟಿ ಕೊಪ್ಪದ ಶಾಲೆಗೆ ಹೋದರೆ ಆ ಶಾಲೆ ಮೈಸೂರು ಜಿಲ್ಲೆಯದು. ನಡೆದು ಹೋಗುವಷ್ಟು ದೂರ, ಆದರೆ ಗಾಳಿಬೀಡಿನ ಸೀಟಿಗೆ ಅಷ್ಟು ಸಾಕು ತಪ್ಪಿಹೋಗಲು. ಸಂಪಾಜೆಯಲ್ಲಂತೂ ಊರಿನ ಹೆಸರೇ ಎರಡೂ ಕಡೆ ಇದೆ, ಒಂದು ಕೊಡಗಿನದು, ಇನ್ನೊಂದು ದಕ್ಷಿಣ ಕನ್ನಡದ್ದು. ನಾಲ್ಕನೇ ತರಗತಿ ಮುಗಿಸಿ ಮಕ್ಕಳನ್ನು ಮೈಸೂರಿನ ಹಾಸ್ಟೆಲಿಗೆ ಕಳಿಸುವವರೂ ಇದನ್ನು ನೆನಪಿಡಬೇಕು.

ಈಗ ನಿಮ್ಮ ಮಗಳ ಅವಕಾಶದ ಬಗ್ಗೆ ನೇರವಾಗಿ ಹೇಳುತ್ತೇನೆ. 60 ಸೀಟುಗಳು ಗ್ರಾಮೀಣಕ್ಕೆ ಹೋದ ಮೇಲೆ ಉಳಿಯುವುದು ಹೆಚ್ಚೆಂದರೆ 20. ಅವೂ ನಗರದ ಮಕ್ಕಳಿಗೆ ಮೀಸಲಲ್ಲ, ಎಲ್ಲರಿಗೂ ತೆರೆದವು. ಪರಿಶಿಷ್ಟ ಜಾತಿ, ಪಂಗಡ, ಕೇಂದ್ರ ಪಟ್ಟಿಯ ಹಿಂದುಳಿದ ವರ್ಗ, ಅಂಗವಿಕಲ ಮಕ್ಕಳ ಮೀಸಲಾತಿಗಳು ಇವುಗಳ ಒಳಗೂ ಹರಿಯುತ್ತವೆ. ಒಟ್ಟು ಸೀಟುಗಳಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ ಎಂಬುದು ನಿಮ್ಮ ಪರವಾಗಿರುವ ಸಂಗತಿ. ಇನ್ನೊಂದು ಸಂಗತಿ, ಕೊಡಗು ರಾಜ್ಯದಲ್ಲೇ ಅತಿ ಕಡಿಮೆ ಜನಸಂಖ್ಯೆಯ ಜಿಲ್ಲೆ. 30 ಲಕ್ಷ ಜನರಿರುವ ಮೈಸೂರು ಜಿಲ್ಲೆಯ ಮಗುವಿಗಿಂತ ನಮ್ಮ ಜಿಲ್ಲೆಯ ಮಗುವಿಗೆ ನೂಕುನುಗ್ಗಲು ಕಡಿಮೆ. ಆದರೂ ಮಡಿಕೇರಿಯ ಶಾಲೆಯಿಂದ ಬರೆಯುವ ಮಗು ಇಕ್ಕಟ್ಟಾದ ಬಾಗಿಲಿನಲ್ಲಿ ನುಗ್ಗಬೇಕು. ಬರೆಸಬೇಡಿ ಎನ್ನುವುದಿಲ್ಲ. ಅರ್ಜಿಗೆ ಶುಲ್ಕವಿಲ್ಲ.

ಹಿಂದುಳಿದ ವರ್ಗದ ವಿಷಯದಲ್ಲಿ ಒಂದು ಮಾತು: ರಾಜ್ಯದ ಪ್ರವರ್ಗ ಬೇರೆ, ಕೇಂದ್ರದ ಪಟ್ಟಿ ಬೇರೆ. ರಾಜ್ಯದ ಪ್ರಮಾಣಪತ್ರದಲ್ಲಿ 3ಎ ಎಂದೋ 2ಎ ಎಂದೋ ಇದ್ದ ಮಾತ್ರಕ್ಕೆ ಅರ್ಜಿಯಲ್ಲಿ ಗುರುತು ಹಾಕಬೇಡಿ. ಕೇಂದ್ರದ ನಮೂನೆಯ ಪ್ರಮಾಣಪತ್ರ ಸಿಗುತ್ತದೆಯೇ ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳಿಕೊಂಡು ಬನ್ನಿ.

ಹಳ್ಳಿಯ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿ, ಮಗುವನ್ನು ಪಟ್ಟಣದಲ್ಲೇ ಓದಿಸುವ ಉಪಾಯವನ್ನು ನಿಮಗೆ ಖಂಡಿತ ಯಾರಾದರೂ ಹೇಳಿಕೊಟ್ಟಿರುತ್ತಾರೆ. ಆ ಗೋಜಿಗೆ ಹೋಗಬೇಡಿ. ಪ್ರತಿ ಮಗುವಿನ ವರ್ಷವಾರು ಶಾಲೆ ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿ ದಾಖಲಾಗಿರುತ್ತದೆ. ಆಯ್ಕೆಯ ಪಟ್ಟಿ ಬಂದ ಮೇಲೆಯೇ ದಾಖಲೆಗಳ ಪರಿಶೀಲನೆ ನಡೆಯುವುದು. ಪಟ್ಟಿಯಲ್ಲಿ ಹೆಸರು ನೋಡಿ ಊರಿಗೆಲ್ಲ ಸಿಹಿ ಹಂಚಿದ ಮೇಲೆ ಪ್ರವೇಶ ರದ್ದಾದರೆ ಹತ್ತು ವರ್ಷದ ಹುಡುಗಿಗೆ ಅದನ್ನು ಹೇಗೆ ವಿವರಿಸುತ್ತೀರಿ?

ಇದು ನ್ಯಾಯವೇ ಎಂದೂ ಕೇಳಿದ್ದೀರಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಲ್ಲಿ ನವೋದಯ ಹುಟ್ಟಿದ್ದೇ ಹಳ್ಳಿಯ ಪ್ರತಿಭಾವಂತ ಮಕ್ಕಳಿಗೆ ಒಳ್ಳೆಯ ವಸತಿ ಶಾಲೆ ಕೊಡಲು. ಹಾಗಾಗಿ ಗ್ರಾಮೀಣ ಪಾಲಿನ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಬೇರೆ ಕಡೆ ಇದೆ. ನೂರಾರು ಎಕರೆ ತೋಟದ ಮಾಲೀಕರ ಮಗ ಹಳ್ಳಿಯ ಖಾಸಗಿ ಶಾಲೆಯಲ್ಲಿ ಓದಿದರೆ ಅವನು ಗ್ರಾಮೀಣ. ಅದೇ ತೋಟದ ಲೈನ್ ಮನೆ, ಅಂದರೆ ಕೂಲಿಯವರ ವಸತಿ, ಬಿಟ್ಟು ಮಡಿಕೇರಿಗೆ ಗಾರೆ ಕೆಲಸಕ್ಕೆ ಬಂದವರ ಮಗಳು ಪಟ್ಟಣದ ಸರ್ಕಾರಿ ಶಾಲೆಯಲ್ಲಿ ಓದಿದರೆ ಅವಳು ನಗರದವಳು. ಮೊದಲನೆಯವನಿಗೆ 80 ಸೀಟುಗಳ ಬಾಗಿಲೂ ತೆರೆದಿದೆ, ಎರಡನೆಯವಳಿಗೆ 20ರದ್ದು ಮಾತ್ರ. ಗ್ರಾಮೀಣ ಪಾಲಿನೊಳಗೆ ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದು ಒಳಪಾಲು ಇರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ಖಾಸಗಿ ಶಾಲೆಯ ಸಂಬಳ ತಿನ್ನುವ ನಾನು ಹೀಗೆ ಹೇಳುವುದು ನಮ್ಮ ಆಡಳಿತ ಮಂಡಳಿಗೆ ಹಿಡಿಸಲಿಕ್ಕಿಲ್ಲ. ಹಾಡಿಗಳ, ಅಂದರೆ ಆದಿವಾಸಿ ವಸತಿಗಳ, ಯರವ, ಜೇನುಕುರುಬ ಮಕ್ಕಳಿಗೆ ಮೀಸಲಾತಿ ಇದ್ದರೂ ಅರ್ಜಿ ತುಂಬಿಸುವವರೇ ಇಲ್ಲದೆ ಎಷ್ಟೋ ಜಾಣ ಮಕ್ಕಳು ಪರೀಕ್ಷಾ ಕೊಠಡಿಯವರೆಗೂ ಬರುವುದಿಲ್ಲ. ನಿಮ್ಮ ಮನೆಯ ಹತ್ತಿರ ಅಂಥ ಮಗು ಇದ್ದರೆ, ನಿಮ್ಮ ಮಗಳ ಅರ್ಜಿ ತುಂಬುವ ದಿನ ಅದರದ್ದನ್ನೂ ತುಂಬಿಸಿ.

ಪರೀಕ್ಷೆಯಲ್ಲಿ ಖಾಸಗಿ ಶಾಲೆಯ ಮಕ್ಕಳಿಗೆ ಅನುಕೂಲ ಇದೆಯೇ? ಜನ ಭಾವಿಸಿದಷ್ಟಿಲ್ಲ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆಗಳು, 50 ಅಂಕಗಳು ಬೌದ್ಧಿಕ ಸಾಮರ್ಥ್ಯಕ್ಕೆ. ಇದು ಪೂರ್ತಿ ಚಿತ್ರಗಳ ಆಟ, ಯಾವ ಶಾಲೆಯ ಪಠ್ಯದಲ್ಲೂ ಇಲ್ಲ. ಚೌಕದ ಕಾಗದವನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮಡಚಿ ಒಂದು ತೂತು ಹೊಡೆದಿರುತ್ತಾರೆ, ಬಿಚ್ಚಿದರೆ ತೂತುಗಳು ಎಲ್ಲೆಲ್ಲಿ ಕಾಣಿಸುತ್ತವೆ ಎಂದು ಕೇಳುತ್ತಾರೆ. ನನ್ನ ತರಗತಿಯಲ್ಲಿ ಸದಾ ಮೊದಲು ಬರುವ ಹುಡುಗಿ ಈ ಪ್ರಶ್ನೆಯ ಮುಂದೆ ಪೆನ್ಸಿಲಿನ ತುದಿ ಕಚ್ಚುತ್ತಾ ಕುಳಿತಿದ್ದಳು. ಹಿಂದಿನ ಬೆಂಚಿನ ಬಡಗಿಯ ಮಗ ಕಾಗದವನ್ನು ಮುಟ್ಟದೆಯೇ ನಾಲ್ಕು ಮೂಲೆಗೂ ಬೆರಳು ತೋರಿಸಿದ. ಮನೆಯಲ್ಲಿ ಹಳೆಯ ಪತ್ರಿಕೆ ಕತ್ತರಿಸಿ ನಿಜವಾಗಿ ಮಡಚಿ, ತೂತು ಹೊಡೆದು, ಬಿಚ್ಚಿ ತೋರಿಸಿ. ಕನ್ನಡಿಯ ಪ್ರತಿಬಿಂಬದ ಪ್ರಶ್ನೆಗಳಿಗೆ ನಿಜವಾದ ಕನ್ನಡಿಯನ್ನೇ ಇಡಿ. ಕೆಲವು ವಾರಗಳಲ್ಲಿ ಕಣ್ಣು ಪಳಗುತ್ತದೆ.

ಗಣಿತದ 20 ಪ್ರಶ್ನೆಗಳಿಗೆ 25 ಅಂಕ. ಭಿನ್ನರಾಶಿ, ದಶಮಾಂಶ, ಲಸಾಅ, ಮಸಾಅ, ಲಾಭ ನಷ್ಟ, ಸುತ್ತಳತೆ, ಇಂಥವು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು ಎಂದು ಹೇಳಿಕೊಡಿ.

ಉಳಿದ 25 ಅಂಕ ಭಾಷೆಗೆ, ಗದ್ಯಭಾಗ ಓದಿ ಉತ್ತರಿಸುವುದು. ಕನ್ನಡದಲ್ಲಿಯೂ ಬರೆಯಬಹುದು, ಇಂಗ್ಲಿಷಿನಲ್ಲಿಯೂ ಬರೆಯಬಹುದು. ಕೊಡಗಿನ ಮನೆಗಳಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಹೀಗೆ ಮಾತು ಒಂದೊಂದು ಕಡೆ ಒಂದೊಂದು. ಆಡುವ ಭಾಷೆ ಯಾವುದೆಂದು ನೋಡಬೇಡಿ, ಮಗಳು ವೇಗವಾಗಿ ಓದಿ ಅರ್ಥಮಾಡಿಕೊಳ್ಳುವ ಭಾಷೆಯನ್ನೇ ಆರಿಸಿ. ಇಂಗ್ಲಿಷ್ ಮಾಧ್ಯಮವಾದ್ದರಿಂದ ಇಂಗ್ಲಿಷೇ ಎಂದು ಕಣ್ಣುಮುಚ್ಚಿ ಬರೆಯಬೇಡಿ. ಎರಡೂ ಭಾಷೆಗಳ ಗದ್ಯ ಕೊಟ್ಟು ಗಡಿಯಾರ ಹಿಡಿದು ನೋಡಿ.

ಸೀಟು ಸಿಕ್ಕರೆ ಮುಂದೇನು ಎಂಬುದನ್ನೂ ಯೋಚಿಸಿಡಿ. ಊಟ, ವಸತಿ, ಪಾಠ ಉಚಿತ. ಒಂಬತ್ತನೇ ತರಗತಿಯಿಂದ ಕಟ್ಟಬೇಕಾದ ತಿಂಗಳಿಗೆ 600 ರೂಪಾಯಿಯ ವಿಕಾಸ ನಿಧಿಯಿಂದಲೂ ಹೆಣ್ಣುಮಕ್ಕಳಿಗೆ ವಿನಾಯಿತಿ ಇದೆ. ಆದರೆ ಒಂಬತ್ತನೇ ತರಗತಿಯಲ್ಲಿ ಶೇ 30ರಷ್ಟು ಮಕ್ಕಳು ಒಂದು ವರ್ಷ ಹಿಂದಿ ಪ್ರದೇಶದ ನವೋದಯಕ್ಕೆ ಹೋಗುತ್ತಾರೆ. ಅದಕ್ಕಿಂತ ಮೊದಲಿನ ಪರೀಕ್ಷೆ ಜೂನ್, ಜುಲೈ ತಿಂಗಳ ಗಾಳಿಬೀಡು. ಮನೆಯಿಂದ ಅಷ್ಟೇನೂ ದೂರವಿಲ್ಲದಿದ್ದರೂ ಆ ಮಳೆಯಲ್ಲಿ ಹಾಸ್ಟೆಲಿನಲ್ಲಿ ಮಲಗುವ ಹತ್ತು ಹನ್ನೊಂದರ ಮಗುವಿಗೆ ಮನೆ ಬಹಳ ದೂರ. ಮಗಳನ್ನು ಒಂದು ಮಾತು ಕೇಳಿ.

ಕೂಡಿಗೆಯ ಸೈನಿಕ ಶಾಲೆಯನ್ನೂ ಜೊತೆಗೆ ಇಟ್ಟುಕೊಳ್ಳಿ. ಅಲ್ಲಿ ಹಳ್ಳಿ ಪಟ್ಟಣದ ಪ್ರಶ್ನೆಯೇ ಬರುವುದಿಲ್ಲ, ಹಾಗಾಗಿ ಮಡಿಕೇರಿಯಲ್ಲಿ ಓದಿದ್ದು ತೊಡಕಾಗುವುದಿಲ್ಲ. ಆರನೇ ತರಗತಿಯ ಪರೀಕ್ಷೆ 300 ಅಂಕಕ್ಕೆ, ಅದರಲ್ಲಿ ಅರ್ಧ ಗಣಿತವೇ. ಕನ್ನಡದಲ್ಲೂ ಬರೆಯಬಹುದು. 2021ರಿಂದ ಎಲ್ಲ ಸೈನಿಕ ಶಾಲೆಗಳಲ್ಲೂ ಹೆಣ್ಣುಮಕ್ಕಳಿಗೆ ಪ್ರವೇಶ ಇದೆ, ಸೀಟು ಮಾತ್ರ ಬೆರಳೆಣಿಕೆ. ಅಲ್ಲಿ ಜಿಲ್ಲೆಯ ಪಾಲು ಇಲ್ಲ, ಶೇ 67 ಇಡೀ ಕರ್ನಾಟಕಕ್ಕೆ, ಉಳಿದದ್ದು ಹೊರರಾಜ್ಯಗಳಿಗೆ. ಅದು ಉಚಿತವೂ ಅಲ್ಲ, ವರ್ಷಕ್ಕೆ ಲಕ್ಷ ದಾಟುತ್ತದೆ. ವಿದ್ಯಾರ್ಥಿವೇತನ ಆದಾಯದ ಮೇಲೆ ನಿಂತಿದೆ.

ಐದನೇ ತರಗತಿಯಲ್ಲಿ ನವೋದಯ ಕೈತಪ್ಪಿದರೆ ಇನ್ನೊಮ್ಮೆ ಬರೆಯಲು ಬಿಡುವುದಿಲ್ಲ, ಮತ್ತೆ ಐದನೇ ತರಗತಿಯಲ್ಲೇ ಕೂರಿಸುವ ಯೋಚನೆ ಮಾಡಬೇಡಿ. ಒಂಬತ್ತಕ್ಕೆ ಖಾಲಿ ಉಳಿದ ಸೀಟುಗಳಿಗಾಗಿ ಬೇರೆ ಪರೀಕ್ಷೆ ಇದೆ, ಆಗ ಎಂಟನೇ ತರಗತಿಯಿಂದ ಪ್ರಯತ್ನಿಸಬಹುದು. ಆರನೇ ತರಗತಿಯ ಅರ್ಜಿ ಸಾಮಾನ್ಯವಾಗಿ ಮಳೆಗಾಲದಲ್ಲೇ ಬರುತ್ತದೆ. ನಮ್ಮ ಕಡೆ ಮರ ಬಿದ್ದು ಕರೆಂಟೂ ನೆಟ್‌ವರ್ಕೂ ಹೋದರೆ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಆದ್ದರಿಂದ ಮುಖ್ಯ ಶಿಕ್ಷಕರ ಸಹಿ ಇರುವ ಪ್ರಮಾಣಪತ್ರ, ಫೋಟೊ, ಆಧಾರ್, ಎಲ್ಲವನ್ನೂ ಮೊದಲ ವಾರದಲ್ಲೇ ಏರಿಸಿ ಮುಗಿಸಿ. ಪ್ರದೇಶದ ಕಾಲಂನಲ್ಲಿ ನಗರ ಎಂದೇ ಬರೆಯಿರಿ.